ಕಂಪ್ಯೂಟರಿಗೆ ಮಜ್ಜಿಗೆ ಬಡಿಸಿದ ಸೇಸಮ್ಮ

ಬೆಳಗ್ಗೆ ಆರೂ ಇಪ್ಪತ್ತೈದು. ಚಾರ್ಮಾಡಿ ಕಡೆಯಿಂದ ಬಂದ ಮೊದಲ ಬಸ್ಸು ಬೆಳ್ತಂಗಡಿಯಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಹಿಂದಿನ ಬಾಗಿಲಿನಿಂದ ಇಳಿದ ಸಣಕಲು ಹೆಂಗಸೊಬ್ಬರು ಆಗಲೇ ರಸ್ತೆ ದಾಟಿ ಆಗಿದೆ. ಕೈಯಲ್ಲಿ ಬುತ್ತಿಯ ಚೀಲ, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಬೀಗದಕೈ. ಬಸ್‌ಸ್ಟ್ಯಾಂಡಿನಿಂದ ಕೂಗಳತೆಯ ದೂರದಲ್ಲಿರುವ ಕಟ್ಟಡದ ಮೊದಲ ಮಹಡಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಒಂದಿದೆ. ಅದರ ಮೆಟ್ಟಿಲುಗಳ ಮೇಲೆ ಏಳೆಂಟು ಜನ ಖಾಲಿ ಹೊಟ್ಟೆಯಲ್ಲಿ ಕುಳಿತು ಆಕಳಿಸುತ್ತಿದ್ದಾರೆ. ನೆರಿಯದವರಿದ್ದಾರೆ, ಕಕ್ಕಿಂಜೆಯವರಿದ್ದಾರೆ, ಮಗಳ ಮನೆಗೆ ಬಂದವರು ಹಾಗೇ ಸಕ್ಕರೆ ನೋಡಿಸಿಕೊಂಡು ಹೋಗುವ ಎಂದು ಬಂದ ಬಂಟ್ವಾಳದವರೂ ಇದ್ದಾರೆ.

"ಸ್ವಲ್ಪ ದಾರಿ ಬಿಡುವ, ದಾರಿ ಬಿಡುವ. ನೆಲ ಒರಸ್ಲಿಕ್ಕೆ ಐದು ನಿಮಿಷ ಕೊಡಿ. ಚಾ ಕುಡಿಯದವರು ಮೊದಲು. ಕುಡಿದವರು ಇವತ್ತು ಸುಳ್ಳು ಹೇಳದೆ ಮನೆಗೆ!"

ಎಲ್ಲರೂ ನಗುತ್ತಾರೆ. ಒಬ್ಬರು ಮಾತ್ರ ತಲೆ ತಗ್ಗಿಸಿ ಮೆಟ್ಟಿಲಿಳಿಯುತ್ತಾರೆ. ಚಾ ಕುಡಿದವರನ್ನು ಮುಖ ನೋಡಿಯೇ ಹಿಡಿಯುವ ಈ ಹೆಂಗಸು ಲ್ಯಾಬಿನ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಹೆಸರು ಸೇಸಮ್ಮ, ವಯಸ್ಸು ಐವತ್ತಾರು, ಕೆಲಸ ಗುಡಿಸುವುದು ಮತ್ತು ಒರಸುವುದು.

ಶಟರ್ ಎತ್ತಿದ ಮೇಲೆ ಅವರ ಕೈಗೆ ಬಿಡುವಿಲ್ಲ. ಹದಿನಾಲ್ಕು ಕುರ್ಚಿ, ಎರಡು ಬಕೆಟ್ ನೀರು, ಸೂಜಿ ಹಾಕುವ ಡಬ್ಬಿ ಬೇರೆ, ಹತ್ತಿ ಹಾಕುವ ಡಬ್ಬಿ ಬೇರೆ. ಸೋಮವಾರವಾದರೆ ಎಪ್ಪತ್ತು ಜನ, ಉಳಿದ ದಿನ ಐವತ್ತು. ಗೋಡೆಯಲ್ಲಿ ಹನ್ನೊಂದು ಸ್ವಿಚ್ಚುಗಳಿವೆ, ದಿನಾ ಅಷ್ಟನ್ನೂ ಒಣಬಟ್ಟೆಯಲ್ಲಿ ಒರಸುತ್ತಾರೆ. ಕೊನೆಗೆ ಬರುವುದು ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಪೆಟ್ಟಿಗೆ. ಅದರ ನಾಲ್ಕು ಬದಿಯನ್ನೂ ಒರಸುತ್ತಾರೆ, ಹಿಡಿಯನ್ನು ಮಾತ್ರ ಬೆರಳ ತುದಿಯಿಂದಲೂ ತಾಗಿಸಿಕೊಳ್ಳುವುದಿಲ್ಲ. ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆಯೊಳಗೆ ಅಂಟಿಸಿದ ಕಾಗದವೊಂದಿದೆ. ಅದರ ಧೂಳನ್ನೂ ಒರಸುತ್ತಾರೆ.

ಆರೂ ನಲವತ್ತಕ್ಕೆ ಲ್ಯಾಬ್ ಟೆಕ್ನಿಷಿಯನ್ ಕಾಂತಿ ಬರುತ್ತಾರೆ. ಚಪ್ಪಲಿ ಬಿಟ್ಟು, ಬಿಳಿ ಕೋಟು ತೊಟ್ಟು, ಮೊದಲು ಒತ್ತುವುದು ಕಂಪ್ಯೂಟರಿನ ಗುಂಡಿಯನ್ನು. ಪರದೆ ಬೆಳಗುವವರೆಗೆ ಸೇಸಮ್ಮ ಪೊರಕೆ ಹಿಡಿದು ಅಲ್ಲೇ ನಿಲ್ಲುತ್ತಾರೆ.

"ಬಂತಾ?"

"ಬಂತು, ಸೇಸಕ್ಕ."

ಆಮೇಲೆಯೇ ಅವರು ಬುತ್ತಿಯ ಚೀಲವನ್ನು ಒಳಗೆ ಇಡುವುದು. ಪೊರಕೆ ಹಿಡಿದವರಿಗೆ ಕಂಪ್ಯೂಟರಿನ ಉಸಾಬರಿ ಯಾಕೆ ಎಂದು ಯಾರಿಗಾದರೂ ಅನಿಸಬಹುದು. ಆ ಕಂಪ್ಯೂಟರ್ ಒಂದು ಕಾಲದಲ್ಲಿ ಇವರ ಅನ್ನಕ್ಕೇ ಸಂಚಕಾರ ತರುವುದರಲ್ಲಿತ್ತು.

ಸೇಸಮ್ಮನ ತವರು ಪಾಣೆಮಂಗಳೂರು. ನೇತ್ರಾವತಿಯ ದಡದ ಮನೆಯಲ್ಲಿ ಐದನೆಯ ಕ್ಲಾಸಿಗೆ ಪಾಟಿಚೀಲ ಕೆಳಗಿಟ್ಟು ಬೀಡಿ ಕಟ್ಟುವ ಮೊರ, ಅಂದರೆ ಸೂಪು, ತೊಡೆಯ ಮೇಲಿಟ್ಟುಕೊಂಡವರು. ದಿನಕ್ಕೆ ಎಂಟುನೂರು ಬೀಡಿ. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ನೂಲು ಸುತ್ತುವುದು, ಇದನ್ನೆಲ್ಲ ಕಣ್ಣು ಬೇರೆಲ್ಲೋ ಇಟ್ಟುಕೊಂಡೇ ಮಾಡುತ್ತಿದ್ದರಂತೆ. "ಕಟ್ಟಿದ ಬೀಡಿ ಸಡಿಲ ಉಂಟಾ, ಬಿಗಿ ಉಂಟಾ ಅಂತ ಬೆರಳಿಗೇ ಗೊತ್ತಾಗ್ತದೆ. ನೋಡ್ಬೇಕು ಅಂತಲೇ ಇಲ್ಲ," ಎನ್ನುತ್ತಾರೆ. ಮದುವೆಯ ಹಂಗಾಮಿನಲ್ಲಿ ಊರ ಸಭಾಭವನದಲ್ಲಿ ಊಟದ ಎಲೆ ತೆಗೆಯುವ ಕೆಲಸವೂ ಇತ್ತು. ಆ ಕೆಲಸದಲ್ಲಿ ಕಲಿತ ಒಂದು ಪಾಠ ಮೂವತ್ತಾರು ವರ್ಷಗಳ ಮೇಲೆ ಉಪಯೋಗಕ್ಕೆ ಬಂತು. ಅದನ್ನು ಮುಂದೆ ಹೇಳುವುದಿದೆ.

ಮದುವೆಯಾಗಿ ಕಕ್ಕಿಂಜೆಗೆ ಬಂದರು. ಗಂಡ ನಿತ್ಯಾನಂದ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದವರು. ಬೆನ್ನು ಹೋದ ಮೇಲೆ ಈಗ ಹತ್ತು ವರ್ಷದಿಂದ ಗೋಡೆಗೊರಗಿ ಕುಳಿತರೆ ಕುಳಿತರು, ಮಲಗಿದರೆ ಮಲಗಿದರು. ಬೀಡಿಯ ಹೊಗೆಸೊಪ್ಪಿನ ಧೂಳು ಸೇಸಮ್ಮನ ಎದೆಗೂ ಆಗಿ ಬರುತ್ತಿರಲಿಲ್ಲ. ಹಾಗಾಗಿ ಎಂಟು ವರ್ಷದ ಹಿಂದೆ ಯಾರೋ ಹೇಳಿದ ಮಾತು ನಂಬಿಕೊಂಡು ಬೆಳ್ತಂಗಡಿಯ ಈ ಲ್ಯಾಬಿಗೆ ಬಂದರು. ಮನೆಯಲ್ಲಿ ಒಲೆ ಹೊತ್ತುವುದು ಈಗ ಇವರೊಬ್ಬರ ದುಡಿಮೆಯಿಂದ.

ಲ್ಯಾಬಿನ ಯಜಮಾನ ಸನತ್‌ಕುಮಾರ ಮೂಡುಬಿದಿರೆಯ ಜೈನ ಮನೆತನದವರು. ಮಾತು ಕಡಿಮೆ, ಶಿಸ್ತು ಜಾಸ್ತಿ. ಒಳಗೆ ಕೆಲಸ ಮಾಡುವವರಿಗೆಲ್ಲ ಹಾಜರಿ ಪುಸ್ತಕ ಇಟ್ಟಿದ್ದಾರೆ. ಸೇಸಮ್ಮನ ಹೆಸರು ಮಾತ್ರ ಆ ಪುಸ್ತಕದಲ್ಲಿಲ್ಲ. ಗುಡಿಸುವವರಿಗೆ ಎಂತ ಹಾಜರಿ ಎಂದು ಬಿಟ್ಟುಹೋಗಿರಬೇಕು. ಬೀಡಿ ಕಟ್ಟಿದವರಿಗೆ ಲೆಕ್ಕವಿಲ್ಲದ ದಿನ ದಿನವೇ ಅಲ್ಲ. ಹಾಗಾಗಿ ಇವರು ತಮ್ಮದೇ ಒಂದು ಹಾಜರಿ ಶುರು ಮಾಡಿಕೊಂಡರು, ಪೊರಕೆ ಇಡುವ ಸಣ್ಣ ಕೋಣೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ. ಮೊದಲೆಲ್ಲ ಪೆನ್ಸಿಲಿನ ಗೀಟು. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಬಿಳಿ ಚೀಟಿ.

ಆ ಸಾಫ್ಟ್‌ವೇರ್ ಬಂದದ್ದು ಎರಡು ಮಳೆಗಾಲದ ಹಿಂದೆ. ಜೊತೆಗೆ ಚಹಾಪುಡಿಯ ಡಬ್ಬಿಯಷ್ಟು ಸಣ್ಣ ಪ್ರಿಂಟರೊಂದು ಬಂತು. ರಕ್ತದ ಟ್ಯೂಬುಗಳಿಗೆ ಹೆಸರು, ನಂಬರು ಇರುವ ಲೇಬಲ್ ಮುದ್ರಿಸುವುದು ಅದರ ಕೆಲಸ. ಸಂಜೆ ಕಾಂತಿ ಕಂಪ್ಯೂಟರನ್ನು ಬಂದ್ ಮಾಡುವಾಗ ಅದು 'ಕಿರ್ರ್' ಎಂದು ಖಾಲಿ ಲೇಬಲ್ಲೊಂದನ್ನು ಹೊರಗೆ ತಳ್ಳುತ್ತದೆ. ಏನೂ ಬರೆಯದ ಬಿಳಿ ಅಂಟುಚೀಟಿ. ಎಲ್ಲರೂ ಕಸಕ್ಕೆ ಹಾಕುತ್ತಿದ್ದ ಅದನ್ನು ಸೇಸಮ್ಮ ಹರಿದು, ಕ್ಯಾಲೆಂಡರಿನಲ್ಲಿ ಆ ದಿನದ ಮನೆಗೆ ಅಂಟಿಸುತ್ತಿದ್ದರು. ಇವತ್ತು ನಾನು ಬಂದಿದ್ದೆ, ಕೆಲಸ ಮಾಡಿದ್ದೆ ಎನ್ನುವುದಕ್ಕೆ ಅದೇ ರುಜು.

ಕಳೆದ ವರ್ಷ ಏಪ್ರಿಲಿನ ಒಂದು ಶುಕ್ರವಾರ ಸಂಜೆ ಐದು ಗಂಟೆಗೆ ಆಕಾಶ ಕಪ್ಪಾಯಿತು. ಈ ಸೀಮೆಯಲ್ಲಿ ಮೊದಲ ಗುಡುಗು ಕೇಳಿದೊಡನೆ ಮನೆಮನೆಯಲ್ಲೂ ನಡೆಯುವುದು ಒಂದೇ ಕೆಲಸ: ಟಿವಿಯ ಪ್ಲಗ್ ಎಳೆ, ಫ್ರಿಜ್ಜಿನ ಪ್ಲಗ್ ಎಳೆ, ಮೇನ್ ಇಳಿಸು. ಸಿಡಿಲಿಗೆ ಸುಟ್ಟುಹೋದ ಟಿವಿಯ ಕಥೆ ಇಲ್ಲದ ಮನೆ ಇಲ್ಲಿಲ್ಲ. ಕಾಂತಿ ಕಂಪ್ಯೂಟರ್ ಬಂದ್ ಮಾಡುತ್ತಿದ್ದ ಹಾಗೆಯೇ ಸೇಸಮ್ಮ ಓಡಿಬಂದು ಕೈಗೆ ಸಿಕ್ಕಿದ ಪ್ಲಗ್ಗುಗಳನ್ನು ಕಿತ್ತರು. ಪರದೆ ಕಪ್ಪಾದದ್ದನ್ನು ನೋಡಿದ ಮೇಲೆ ಮೇನ್ ಇಳಿಸಿದರು.

ಶನಿವಾರ ಬೆಳಗ್ಗೆ ಸಾಫ್ಟ್‌ವೇರ್ ತೆರೆಯಲಿಲ್ಲ. ಕೆಂಪು ಗೀಟಿನ ಪೆಟ್ಟಿಗೆಯೊಂದು ಪರದೆಯ ಮಧ್ಯೆ ಬಂದು ಕೂತಿತು. ಶುಕ್ರವಾರ ಪರೀಕ್ಷೆ ಮಾಡಿದ್ದ, ಇನ್ನೂ ರಿಪೋರ್ಟ್ ಕೊಡದ ಇಪ್ಪತ್ಮೂರು ಜನರ ಫಲಿತಾಂಶ ಹೋಗಿಬಿಟ್ಟಿತ್ತು. ನಿನ್ನೆಯ ರಕ್ತ ಇವತ್ತಿನ ಪರೀಕ್ಷೆಗೆ ನಡೆಯುವುದಿಲ್ಲ. ಅಷ್ಟೂ ಜನಕ್ಕೆ ಫೋನು ಮಾಡಿ, ಮತ್ತೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಕರೆಯಬೇಕಾಯಿತು.

ಸಾಫ್ಟ್‌ವೇರ್ ಕೊಟ್ಟ ಕಂಪೆನಿಯ ಶ್ರವಣ್ ಎಂಬ ಹುಡುಗ ಮೂಡುಬಿದಿರೆಯಿಂದ ಫೋನಿನಲ್ಲೇ ಸರಿಮಾಡಿಕೊಟ್ಟ. ಕೊನೆಯಲ್ಲಿ ಒಂದು ಮಾತು ಸೇರಿಸಿದ: "ಸರ್, ಯಾರೋ ಮೇನ್ ಸ್ವಿಚ್ ಎಳಿತಾ ಇದ್ದಾರೆ. ನಮ್ಮ ಸಾಫ್ಟ್‌ವೇರಿಗೆ ಎಂತದೂ ಆಗ್ಲಿಲ್ಲ."

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಮೇನ್ ಇಳಿಸಿದ್ದನ್ನು ಸೇಸಮ್ಮ ಒಪ್ಪಿಕೊಂಡೇ ಇದ್ದರು. ಪರದೆ ಕಪ್ಪಾದ ಮೇಲೆಯೇ ಇಳಿಸಿದ್ದು ಎಂದೂ ಹೇಳಿದರು, ಆದರೆ ಮಾತಿನ ಮೊದಲರ್ಧ ಮಾತ್ರ ಕೇಳುವವರ ಕಿವಿಗೆ ಬಿತ್ತು. ಆ ದಿನ ಮಧ್ಯಾಹ್ನ ಸನತ್‌ಕುಮಾರ ಒಂದು ಕಾಗದ ತೆಗೆದು, ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದು, ಒದ್ದೆಯಾಗದಿರಲಿ ಎಂದು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಪೆಟ್ಟಿಗೆಯ ಮೇಲೆ ಅಂಟಿಸಿದರು: 'ಸೇಸಮ್ಮ ಮೇನ್ ಸ್ವಿಚ್ ಮುಟ್ಟಬಾರದು.' ಐದನೆಯ ಕ್ಲಾಸಿನವರೆಗೆ ಓದಿದ್ದು ಅದನ್ನು ಓದಲಿಕ್ಕೆ ಸಾಕಾಗುತ್ತಿತ್ತು.

ಮತ್ತೆ ಅವರು ಆ ಹಿಡಿಯನ್ನು ಮುಟ್ಟಲಿಲ್ಲ. ಆದರೂ ಮೇ ತಿಂಗಳ ಒಂದು ಬುಧವಾರ ಬೆಳಗ್ಗೆ ಕೆಂಪು ಗೀಟು ಮತ್ತೆ ಬಂತು. ಜೂನಿನಲ್ಲಿ ಇನ್ನೊಂದು ಬುಧವಾರ. "ಬುಧವಾರಕ್ಕೆ ಏನೋ ಗ್ರಹಚಾರ ಉಂಟು," ಎಂದು ಕಾಂತಿ ನಕ್ಕರು. ಸನತ್‌ಕುಮಾರರಿಗೆ ನಗು ಬರಲಿಲ್ಲ. ಫೋನಿನ ಆಚೆಯಿಂದ ಪ್ರತಿ ಸಲವೂ ಅದೇ ಉತ್ತರ, ಮೇನ್ ಸ್ವಿಚ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಹಾಗಾಯಿತು ಸೇಸಮ್ಮನ ಪಾಡು. ಎದುರಿಗೆ ಯಾರೂ ಕಳ್ಳಿ ಎನ್ನಲಿಲ್ಲ. ಸಂಜೆ ಅವರು ಬಾಗಿಲ ಬಳಿ ಗುಡಿಸುವಾಗ ಮಾತ್ರ ಯಾರಾದರೊಬ್ಬರು ಕತ್ತೆತ್ತಿ ಪೆಟ್ಟಿಗೆಯ ಕಡೆ ನೋಡುವುದು ಶುರುವಾಯಿತು.

ಜುಲೈಯಲ್ಲಿ ನಾಲ್ಕನೆಯ ಸಲ ಆಯಿತು. ಅಂದು ಫಲಿತಾಂಶ ಹೋದವರಲ್ಲಿ ಕಕ್ಕಿಂಜೆಯ ಐಸಮ್ಮ ಒಬ್ಬರು. ಸೇಸಮ್ಮನ ನೆರೆಯವರು, ಎಪ್ಪತ್ತೆರಡರ ಹರೆಯ. ಕಣ್ಣಿನ ಪೊರೆಯ ಆಪರೇಷನ್ನಿಗೆ ಮಂಗಳೂರಿನಲ್ಲಿ ದಿನ ಸಿಕ್ಕಿತ್ತು. ಸಕ್ಕರೆಯ ರಿಪೋರ್ಟ್ ಬೇಕಿತ್ತು. ಒಣಗಿದ ಕೈ, ನೂಲಿನ ಎಳೆಯಂಥ ನರ. ಮೊದಲ ಸಲ ರಕ್ತ ಸಿಗಬೇಕಾದರೆ ಕಾಂತಿ ಮೂರು ಕಡೆ ಚುಚ್ಚಿದ್ದರು. ಮತ್ತೆ ಬರಬೇಕು ಎಂದಾಗ ಮುದುಕಿ ಹೇಳಿದ್ದಿಷ್ಟು: "ನನ್ನ ಮೈಯಲ್ಲಿ ರಕ್ತ ಉಂಟಾ ಇಲ್ವಾ ಅಂತ ಆ ಮಿಷಿನಿಗೆ ನೆನಪೇ ಇಲ್ವಾ? ನನಗಿಂತ ಅದಕ್ಕೇ ವಯಸ್ಸಾಯ್ತಾ?" ಕೈಯ ನೀಲಿ ಹೋಗಲಿ, ಬರುವ ಮಂಗಳವಾರ ಬರ್ತೇನೆ ಎಂದರು.

ಆ ಬುಧವಾರವೇ ಸನತ್‌ಕುಮಾರ ಸೇಸಮ್ಮನನ್ನು ಒಳಗೆ ಕರೆದರು. ದನಿ ಏರಿಸಲಿಲ್ಲ. "ನೋಡಿ ಸೇಸಮ್ಮ, ಇನ್ನೊಂದು ಸಲ ಹೀಗಾದ್ರೆ ನಾಳೆಯಿಂದ ನೀವು ಬರುದು ಬೇಡ," ಎಂದರು.

ಮುಂದಿನ ಮಂಗಳವಾರ ಐಸಮ್ಮ ಬಂದರು, ಕೈ ಚಾಚಿದರು, ಕಣ್ಣು ಮುಚ್ಚಿಕೊಂಡರು. ಬುಧವಾರ ಬೆಳಗ್ಗೆ ಕಾಂತಿ ಗುಂಡಿ ಒತ್ತಿದರು. ಕೆಂಪು ಗೀಟು.

ಸನತ್‌ಕುಮಾರ ಆ ದಿನ ಮೂಡುಬಿದಿರೆಯಲ್ಲಿದ್ದರು, ಬರುವುದು ಗುರುವಾರ. ಸೇಸಮ್ಮನಿಗೆ ಉಳಿದದ್ದು ಒಂದು ಹಗಲು. "ಊಟ ಸೇರ್ಲಿಲ್ಲ. ಮನೆಯಲ್ಲಿ ಇವರಿಗೆ ಎಂತ ಹೇಳುದು? ಐಸಮ್ಮನ ಮುಖ ಹೇಗೆ ನೋಡುದು? ಅವಳ ಮನೆ ದಾಟದೆ ನನ್ನ ಮನೆಗೆ ದಾರಿಯೇ ಇಲ್ಲ," ಎಂದು ಆ ದಿನವನ್ನು ನೆನೆಯುತ್ತಾರೆ. ಮಧ್ಯಾಹ್ನ ಪೊರಕೆಯ ಕೋಣೆಯಲ್ಲಿ ಕಾಲು ಚಾಚಿ ಕುಳಿತು, ಇನ್ನು ಈ ಬಾಗಿಲು ನೋಡಲಿಕ್ಕಿಲ್ಲವಲ್ಲ ಎಂದು ಕ್ಯಾಲೆಂಡರನ್ನೇ ದಿಟ್ಟಿಸಿದರು. ತಿಂಗಳು ತಿಂಗಳು ಸಾಲಾಗಿ ಬಿಳಿ ಚೀಟಿಗಳು. ಭಾನುವಾರಗಳು ಖಾಲಿ, ಅದು ರಜೆ. ಜುಲೈಯಲ್ಲಿ ಬೇರೆ ಎರಡು ಮನೆಗಳೂ ಖಾಲಿ ಇದ್ದವು. ನಿನ್ನೆಯ ಮಂಗಳವಾರ, ಅದರ ಹಿಂದಿನ ಮಂಗಳವಾರ.

ಎದ್ದು ಹಾಳೆ ಹಿಂದೆ ಮಗುಚಿದರು. ಜೂನಿನಲ್ಲಿ ಒಂದು ಮಂಗಳವಾರ. ಮೇಯಲ್ಲಿ ಒಂದು ಮಂಗಳವಾರ. ಏಪ್ರಿಲಿನಲ್ಲಿ ಗುಡುಗಿನ ಶುಕ್ರವಾರ. ಕೆಂಪು ಗೀಟು ಬಂದದ್ದು ಐದು ಸಲ, ಚೀಟಿ ಬಾರದ್ದೂ ಐದು ದಿನ. ಇವರು ಆ ಐದು ದಿನವೂ ಕೆಲಸಕ್ಕೆ ಬಂದವರೇ. ಪ್ರಿಂಟರ್ ಚೀಟಿ ಕೊಟ್ಟಿರಲಿಲ್ಲ. ರೋಲು ಮುಗಿದಿರಬೇಕು ಎಂದು ಅಂದುಕೊಂಡು ಸುಮ್ಮನಾಗಿದ್ದರು.

ಮಂಗಳವಾರ ಅಂದರೆ ಕಕ್ಕಿಂಜೆಯಲ್ಲಿ ಅವರ ಸ್ವಸಹಾಯ ಸಂಘದ ಮೀಟಿಂಗು. ಅದಕ್ಕೆ ಮುಟ್ಟಬೇಕಾದರೆ ಒಂದು ಬಸ್ಸು ಮುಂಚೆ ಹಿಡಿಯಬೇಕು. ಉಳಿದ ದಿನ ಕಾಂತಿ ಎದ್ದುಹೋದ ಮೇಲೆ ಅವರ ಮೇಜು ಒರಸುವ ಸೇಸಮ್ಮ, ಕಾಂತಿಗೆ ತಡವಾದ ಅಪರೂಪದ ಮಂಗಳವಾರಗಳಲ್ಲಿ ಮಾತ್ರ ಅವರು ಕೆಲಸ ಮುಗಿಸುತ್ತಿರುವಾಗಲೇ ಒರಸುತ್ತಿದ್ದರು. ಕೈಯಲ್ಲಿ ಒದ್ದೆ ಬಟ್ಟೆ, ಎದುರಿಗೆ ಕರೆಂಟಿನ ಸಾಮಾನು. ಆದ್ದರಿಂದ ಮೊದಲು ಆ ಸಣ್ಣ ಪ್ರಿಂಟರಿನ ಸ್ವಿಚ್ಚು ಆರಿಸುತ್ತಿದ್ದರು, ಆಮೇಲೆ ಒರಸುತ್ತಿದ್ದರು. ಗುಡುಗಿನ ದಿನ ಮೊದಲು ಕಿತ್ತದ್ದೂ ಅದರ ಪ್ಲಗ್ಗನ್ನೇ.

ಇಲ್ಲಿ ನೆನಪಿಗೆ ಬಂದದ್ದು ಪಾಣೆಮಂಗಳೂರಿನ ಸಭಾಭವನ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಮದುವೆಯ ಊಟದಲ್ಲಿ ಸಾಲಿನ ಜನ ಏಳುವುದನ್ನು ನೋಡಿ ಇವರು ತುದಿಯಿಂದ ಎಲೆ ತೆಗೆಯುತ್ತ ಬಂದರಂತೆ. ಮಧ್ಯದಲ್ಲೊಬ್ಬ ಅಜ್ಜ ಇನ್ನೂ ಕುಳಿತಿದ್ದ. ಇವರು ನೋಡದೆ ಎಲೆಗೆ ಕೈ ಹಾಕಿದಾಗ ಅಜ್ಜ ಎರಡೂ ಕೈಯಲ್ಲಿ ಎಲೆ ಹಿಡಿದುಕೊಂಡು, "ನನಗಿನ್ನೂ ಮಜ್ಜಿಗೆ ಆಗ್ಲಿಲ್ಲ ಮಗಾ," ಎಂದ. ಬಡಿಸುವವರು ಮಜ್ಜಿಗೆಯ ಪಾತ್ರೆ ಒಳಗೆ ಕೊಂಡುಹೋಗಿಯಾಗಿತ್ತು. ಅಜ್ಜ ಅರ್ಧ ಉಳಿದ ಅನ್ನದ ಎದುರು ಹಾಗೇ ಕಾದು ಕುಳಿತಿದ್ದ. ಉಳಿದವರು ಎದ್ದದ್ದು ತಪ್ಪು, ಪಾತ್ರೆ ಒಳಗೆ ಹೋದದ್ದು ತಪ್ಪು, ಇವರು ಎಲೆಗೆ ಕೈಹಾಕಿದ್ದೂ ತಪ್ಪು. ಸಾಲಿನಲ್ಲಿ ಕೊನೆಯವರಿಗೆ ಮಜ್ಜಿಗೆಯಾಗುವ ಮೊದಲು ಯಾರೂ ಏಳಬಾರದು ಎನ್ನುವುದು ಈ ಕಡೆ ಮಕ್ಕಳಿಗೂ ಗೊತ್ತಿರುವ ಮರ್ಯಾದೆ.

"ಪ್ರಿಂಟರ್ ಕಿರ್ರ್ ಅನ್ನುದು ಮಜ್ಜಿಗೆ ಹಾಗೆ," ಎಂದು ಸೇಸಮ್ಮ ಬಿಡಿಸಿ ಹೇಳುತ್ತಾರೆ. "ಅದು ಆದ ಮೇಲೆಯೇ ಊಟ ಮುಗಿಯುದು. ನಾನು ಪಾತ್ರೆಯನ್ನೇ ಒಳಗಿಟ್ಟದ್ದು. ಸಾಫ್ಟ್‌ವೇರ್ ಪಾಪ, ಈಗ ಬರ್ತದೆ, ಈಗ ಬರ್ತದೆ ಅಂತ ಕಾದು ಕೂತಿದೆ. ಅಷ್ಟರಲ್ಲಿ ಕಂಪ್ಯೂಟರ್ ಎಲೆ ಎಳೆದುಬಿಟ್ಟಿದೆ."

ವಿಷಯ ಹೊಳೆದಾಗ ಸಂತೋಷವಾಯಿತೇ ಎಂದರೆ ಅವರು ಇಲ್ಲವೆಂದು ತಲೆಯಾಡಿಸುತ್ತಾರೆ. ಮೇನ್ ಸ್ವಿಚ್ಚಿನಿಂದ ಆದದ್ದಲ್ಲ ಎಂದು ಮೂರು ತಿಂಗಳು ಹೇಳಿಕೊಂಡು ಬಂದದ್ದು ಸತ್ಯ. ಆದರೆ ಕೈ ತನ್ನದೇ. ಅದನ್ನು ಕಂಡವರು ಯಾರೂ ಇಲ್ಲ. ಕ್ಯಾಲೆಂಡರನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿ, ಇನ್ನು ಮೇಲೆ ಪ್ರಿಂಟರ್ ಆರಿಸದಿದ್ದರೆ ಮುಗಿಯಿತು, ಕೆಂಪು ಗೀಟು ತಾನಾಗಿ ನಿಂತುಹೋಗುತ್ತಿತ್ತು. ಕೆಲಸವೂ ಉಳಿದರೆ ಉಳಿಯುತ್ತಿತ್ತು.

"ಹಾಗೆ ಮಾಡುವ ಅಂತ ಒಂದು ಗಳಿಗೆ ಅನಿಸಿತು, ಸುಳ್ಳು ಯಾಕೆ ಹೇಳುದು," ಎನ್ನುತ್ತಾರೆ. "ಆದ್ರೆ ಐಸಮ್ಮ ಎರಡು ಸಲ ಕೈ ಕೊಟ್ಟಿದ್ದಾಳೆ. ಅವಳಿಗೆ ಯಾರಾದ್ರೂ ಒಬ್ಬರು ಕಾರಣ ಹೇಳ್ಬೇಕಲ್ವಾ?"

ಗುರುವಾರ ಬೆಳಗ್ಗೆ ಸನತ್‌ಕುಮಾರ ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಸೇಸಮ್ಮ ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಐದು ಖಾಲಿ ಮನೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. "ಮೇನ್ ಸ್ವಿಚ್ಚಿನಿಂದ ಆದದ್ದಲ್ಲ ಸರ್. ಈ ದಿನಗಳಲ್ಲಿ ಪ್ರಿಂಟರ್ ಆರಿಸಿದ್ದು ನಾನು. ಇದರಿಂದಲೇ ಆದದ್ದು ಅಂತ ನನಗೆ ಕಾಣ್ತದೆ. ಹೌದಾದ್ರೆ ಹೇಳಿ, ನಾನು ಹೋಗ್ತೇನೆ." ನಮ್ಮ ಕಡೆ ಬಾಗಿಲು ದಾಟುವವರು 'ಬರ್ತೇನೆ' ಎನ್ನುತ್ತಾರೆ, 'ಹೋಗ್ತೇನೆ' ಎನ್ನುವುದಿಲ್ಲ. ಇವರ ಬಾಯಿಂದ ಆ ಮಾತು ಬಂದದ್ದು ಕೇಳಿ ಕಾಂತಿ ಸೂಜಿ ಕೆಳಗಿಟ್ಟರು.

ಕಾಂತಿಗೂ ಹೇಳಲಿಕ್ಕೆ ಒಂದು ಮಾತಿತ್ತು. ಆ ಐದು ಸಂಜೆಯೂ ಬಂದ್ ಮಾಡುವಾಗ ಪರದೆಯ ಮೇಲೊಂದು ಪ್ರಶ್ನೆ ಬಂದಿತ್ತು. ಈ ಪ್ರೋಗ್ರಾಂ ಇನ್ನೂ ಮುಚ್ಚಿಲ್ಲ, ಆದರೂ ಬಂದ್ ಮಾಡಲೇ ಎಂದು. "ನಾನು ಪ್ರತಿ ಸಲ ಹೌದು ಅಂತ ಒತ್ತಿದ್ದೆ ಸರ್. ಅದು ಯಾವಾಗ್ಲೂ ಎಂತಾದ್ರೂ ಕೇಳ್ತಾ ಇರ್ತದೆ ಅಂತ ನಾನು ಓದ್ಲೇ ಇಲ್ಲ. ಯಾರಿಗೂ ಹೇಳ್ಲೂ ಇಲ್ಲ." ಒಬ್ಬರು ಮಜ್ಜಿಗೆಯ ಪಾತ್ರೆ ಒಳಗಿಟ್ಟಿದ್ದರು, ಇನ್ನೊಬ್ಬರು ಎದ್ದೇಳಿ ಎಂದು ಕೂಗಿದ್ದರು.

ಶುಕ್ರವಾರ ಶ್ರವಣ್ ಮೂಡುಬಿದಿರೆಯಿಂದ ಬೈಕಿನಲ್ಲಿ ಬಂದಿಳಿದ. ಪ್ರಿಂಟರ್ ಆರಿಸಿ ಕಂಪ್ಯೂಟರ್ ಬಂದ್ ಮಾಡಿದ. ಪ್ರಶ್ನೆ ಬಂತು, ಹೌದು ಎಂದು ಒತ್ತಿದ. ಮತ್ತೆ ತೆರೆದಾಗ ಕೆಂಪು ಗೀಟು ಕಣ್ಣೆದುರೇ ಬಂದು ನಿಂತಿತು. ಸರಿಮಾಡಿ, ಈ ಸಲ ಪ್ರಿಂಟರ್ ಆನ್ ಇರುವಾಗಲೇ ಕಂಪ್ಯೂಟರ್ ಬಂದ್ ಮಾಡಿದ. 'ಕಿರ್ರ್' ಎಂದು ಬಿಳಿ ಚೀಟಿ ಬಂತು. ತೆರೆದರೆ ಎಲ್ಲವೂ ಇದ್ದ ಹಾಗೇ ಇತ್ತು. ಮೂರು ಸಲ ಹಾಗೆ, ಮೂರು ಸಲ ಹೀಗೆ ಮಾಡಿ ನೋಡಿದ. ದಿನದ ಫಲಿತಾಂಶಗಳೆಲ್ಲ ದೊಡ್ಡ ಕಡತಕ್ಕೆ ಸೇರುವುದು ಬಂದ್ ಮಾಡುವ ಹೊತ್ತಿನಲ್ಲೇ. ಪ್ರಿಂಟರಿನಿಂದ ಉತ್ತರ ಬಾರದೆ ಸಾಫ್ಟ್‌ವೇರ್ ಅರ್ಧದಲ್ಲಿ ಕಾದು ನಿಲ್ಲುತ್ತಿತ್ತು, ಆಗ ಒತ್ತಾಯದಿಂದ ಮುಚ್ಚಿದರೆ ಕಡತ ಮುರಿದುಬೀಳುತ್ತಿತ್ತು.

ಸೇಸಮ್ಮ ಮಜ್ಜಿಗೆಯ ಲೆಕ್ಕ ಹೇಳಿದಾಗ ಅವನು ಮೊದಲು ನಕ್ಕ. ಸ್ವಲ್ಪ ಹೊತ್ತಿನ ಮೇಲೆ ನಗು ನಿಲ್ಲಿಸಿ, "ಅಮ್ಮ, ನೀವು ಹೇಳಿದ್ದೇ ಸರಿ. ನೀವು ಪ್ರಿಂಟರ್ ಆರಿಸಿದ್ದು ತಪ್ಪಲ್ಲ. ಪ್ರಿಂಟರ್ ಇಲ್ಲ ಅಂದ್ರೂ ಸಾಫ್ಟ್‌ವೇರ್ ಹಾಗೆ ಬೀಳ್ಬಾರ್ದು. ಅದು ನಮ್ಮ ತಪ್ಪು," ಎಂದ. ಬೇರೆ ಊರಿನ ಲ್ಯಾಬುಗಳಿಂದಲೂ ಇದೇ ದೂರು ಬರುತ್ತಿತ್ತು, ಎಲ್ಲರಿಗೂ ತಾವು ಮೇನ್ ಸ್ವಿಚ್ಚಿನ ಉತ್ತರವನ್ನೇ ಕೊಟ್ಟಿದ್ದೆವು ಎಂದೂ ಒಪ್ಪಿಕೊಂಡ. ಆ ಊರುಗಳಲ್ಲಿ ಪೊರಕೆ ಹಿಡಿದ ಎಷ್ಟು ಜನ ಬೈಸಿಕೊಂಡರೋ, ಎಷ್ಟು ಜನ ಕೆಲಸ ಬಿಟ್ಟುಹೋದರೋ, ಅದನ್ನು ಯಾವ ಕಂಪ್ಯೂಟರೂ ಬರೆದಿಟ್ಟಿಲ್ಲ.

ಎರಡು ತಿಂಗಳಲ್ಲಿ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಅದರ ಜೊತೆ ಬಂದ ಮಾಹಿತಿಯಲ್ಲಿ ಒಂದು ಸಾಲು ಇತ್ತು: 'ಕಂಪ್ಯೂಟರ್ ಬಂದ್ ಮಾಡುವಾಗ ತಂತ್ರಾಂಶ ಕುಸಿಯುತ್ತಿದ್ದ ತೊಂದರೆಯನ್ನು ಸರಿಪಡಿಸಲಾಗಿದೆ.' ಕಂಡುಹಿಡಿದವರು ಯಾರು ಎಂದು ಅದರಲ್ಲಿಲ್ಲ. ಕಾಂತಿ ಅದನ್ನು ಓದಿ ಹೇಳಿದಾಗ ಸೇಸಮ್ಮ, "ಸರಿಯಾಯ್ತಲ್ಲ, ಸಾಕು," ಎಂದು ಬಕೆಟ್ ಎತ್ತಿಕೊಂಡು ಹೋದರಂತೆ.

ಐಸಮ್ಮನ ಮನೆಗೆ ಸೇಸಮ್ಮ ಗುರುವಾರ ಸಂಜೆಯೇ ಹೋಗಿದ್ದರು. ತಪ್ಪಾಯಿತು ಎಂದರು. ಮುದುಕಿ ಎಲ್ಲವನ್ನೂ ಕೇಳಿ, "ಹಾಗಾದ್ರೆ ಇನ್ನೊಂದು ಕೈ ಉಂಟಲ್ಲ, ಅದನ್ನು ಕೊಡುವ. ಆದ್ರೆ ನೀನು ಹತ್ತಿರ ನಿಲ್ಬೇಕು ಸೇಸು," ಎಂದರು. ನಿಂತರು. ಮೂರನೆಯ ರಕ್ತದ ರಿಪೋರ್ಟ್ ಮರುದಿನ ಕೈಗೆ ಬಂತು, ಆಪರೇಷನ್ನು ಹದಿನೈದು ದಿನ ತಡವಾಗಿ ಆಯಿತು. ಈಗ ಐಸಮ್ಮ ಬಸ್ಸಿನ ಬೋರ್ಡು ತಾವೇ ಓದುತ್ತಾರೆ, ತಪ್ಪು ಬಸ್ಸಿಗೆ ಕೈ ತೋರಿಸಿದ ಸೇಸಮ್ಮನನ್ನು ಗದರುವುದೂ ಉಂಟು.

ಹೊಸ ಆವೃತ್ತಿಯಲ್ಲಿ ಪ್ರಿಂಟರ್ ಆರಿಸಿದರೂ ಏನೂ ಆಗುವುದಿಲ್ಲ. ಆದರೂ ಲ್ಯಾಬಿನಲ್ಲಿ ಸಂಜೆಯ ಒಂದು ಪದ್ಧತಿ ಹಾಗೇ ಉಳಿದುಕೊಂಡಿದೆ. ಐದೂವರೆಗೆ ಕಾಂತಿ ಬಂದ್ ಮಾಡುವ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಾರೆ. ಸೇಸಮ್ಮ ಬಾಗಿಲ ಬಳಿಯಿಂದ ತುಳುವಿನಲ್ಲಿ ಕೂಗುತ್ತಾರೆ: "ಅಳೆ ಆಂಡಾ?" ಮಜ್ಜಿಗೆ ಆಯ್ತಾ ಎಂದು. ಪ್ರಿಂಟರ್ 'ಕಿರ್ರ್' ಎನ್ನುತ್ತದೆ. ಆಯ್ತು ಎಂದು ಕಾಂತಿ ಉತ್ತರಿಸುತ್ತಾರೆ. ಎಂಟು ವರ್ಷ, ವಾರಕ್ಕೆ ಆರು ಸಂಜೆ ಎಂದರೆ ಈ ಲ್ಯಾಬಿನ ದೀಪಗಳನ್ನು ಸೇಸಮ್ಮ ಆರಿಸಿದ್ದು ಸುಮಾರು ಎರಡೂವರೆ ಸಾವಿರ ಸಲ. ಬಿಳಿ ಚೀಟಿ ಕ್ಯಾಲೆಂಡರಿಗೆ ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಈಗ ಅವರ ಹೆಸರೂ ಇದೆ, ಸನತ್‌ಕುಮಾರರೇ ಬರೆದರು. ಅವರು ಕೆಟ್ಟವರಲ್ಲ. ಸೇಸಮ್ಮನಿಗೆ ಹೋಗಿ ಎಂದೂ ಹೇಳಲಿಲ್ಲ, ದೀಪಾವಳಿಗೆ ಸೀರೆಯನ್ನೂ ಕೊಟ್ಟರು.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಸೇಸಮ್ಮ ಸೆರಗಿನಿಂದ ಬೆವರು ಒರಸಿಕೊಂಡು ಮುಗುಳ್ನಗುತ್ತಾರೆ. "ನನಗೆಂತ ಆಸೆ ಮಾರಾಯ್ರೆ. ಮೈಯಲ್ಲಿ ಕಸು ಇರುವವರೆಗೆ ಬರ್ತೇನೆ." ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸುತ್ತಾರೆ. ಮೇನ್ ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆಯೊಳಗಿನ ಕಾಗದ ಇನ್ನೂ ಹಾಗೇ ಇದೆ. ಕೆಂಪು ಅಕ್ಷರ, ಅವರ ಹೆಸರು. ಸನತ್‌ಕುಮಾರರಿಗೆ ಅದು ಮರೆತೇಹೋಗಿದೆ. ಕಾಂತಿಯ ಕಣ್ಣಿಗೂ ಅದು ಈಗ ಗೋಡೆಯೇ.

"ಅದೊಂದು ಹೋದ್ರೆ ಸಾಕು," ಎನ್ನುತ್ತಾರೆ ಸೇಸಮ್ಮ.

ದಿನಾ ಬೆಳಗ್ಗೆ ಅದರ ಧೂಳು ಒರಸುವವರು ಇವರೇ. ಉಗುರು ಹಾಕಿ ಎಳೆದರೆ ಕ್ಷಣದಲ್ಲಿ ಕಿತ್ತು ಬರುತ್ತದೆ, ಯಾರೂ ಕೇಳುವುದೂ ಇಲ್ಲ. ಹಾಗೆಂದರೆ ಅವರು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನೆಟ್ಟಗೆ ನೋಡುತ್ತಾರೆ.

"ನಾನು ಯಾಕೆ ತೆಗಿಬೇಕು? ಅಂಟಿಸಿದವರ ಕೈಯೇ ತೆಗಿಬೇಕು. ನಾನು ಒರಸ್ತಾ ಇರ್ತೇನೆ, ಅಕ್ಷರ ಸರಿಯಾಗಿ ಕಾಣ್ಲಿ ಅಂತ."